ಬೋರಲು ಮಲಗಿದವರ ಹೃದಯ ನೋಡಿದ್ದು

2021ರ ಮೇ ತಿಂಗಳು. ಕೋವಿಡ್ ವಾರ್ಡಿನಲ್ಲಿ ನಾನು ಹಾಸಿಗೆಯಿಂದ ಹಾಸಿಗೆಗೆ ಹೇಳಿಕೊಂಡು ಹೋಗುತ್ತಿದ್ದ ಮಾತು ಒಂದೇ: "ಬೋರಲು ಮಲಗಿ." ಹಾಗೆ ಮಲಗಿದರೆ ಬೆನ್ನಿನ ಕಡೆಯ ಶ್ವಾಸಕೋಶದ ಮೇಲಿನ ಹೃದಯದ ಭಾರ ಇಳಿಯುತ್ತದೆ, ಮುದುಡಿದ ಭಾಗಗಳಿಗೆ ಗಾಳಿ ಹೋಗುತ್ತದೆ. ಆಕ್ಸಿಮೀಟರಿನ ಅಂಕಿ 86ರಿಂದ 93ಕ್ಕೆ ಏರಿದರೆ ನನಗೆ ಅಷ್ಟೇ ಸಾಕಾಗಿತ್ತು.

ಒಂದು ಸಂಜೆ ಐವತ್ತು ದಾಟಿದ, ಹೊಟ್ಟೆ ದೊಡ್ಡದಿದ್ದ ಯಜಮಾನರನ್ನು ಬೋರಲು ಮಲಗಿಸಿದೆ. ಆಮ್ಲಜನಕ ಚೆನ್ನಾಗಿಯೇ ಏರಿತು. ಇಪ್ಪತ್ತು ನಿಮಿಷದಲ್ಲಿ ನರ್ಸ್ ಕೂಗಿದರು: "ಸರ್, ಬಿಪಿ 84, ಕೈ ತಣ್ಣಗಿದೆ." ಮಗ್ಗುಲಿಗೆ ತಿರುಗಿಸಿದ ಸ್ವಲ್ಪ ಹೊತ್ತಿಗೆ 110ಕ್ಕೆ ಬಂತು. ತಪ್ಪು ನನ್ನದು. ದಿಂಬನ್ನು ನೇರವಾಗಿ ಹೊಟ್ಟೆಯ ಕೆಳಗೆ ಇಟ್ಟಿದ್ದೆ. ಹೊಟ್ಟೆ ಒತ್ತಿದಾಗ ಕಾಲು, ಸೊಂಟದಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ಅಭಿಧಮನಿ ಅಮುಕಿಹೋಗುತ್ತದೆ. ನಾಲ್ಕು ದಿನದ ಜ್ವರದಲ್ಲಿ ಸರಿಯಾಗಿ ನೀರೂ ಕುಡಿಯದವರ ಹೃದಯಕ್ಕೆ ಆ ಕೊರತೆ ತಡೆಯುವುದಿಲ್ಲ.

ಅಂದಿನಿಂದ ಎಕೋ ಯಂತ್ರವನ್ನು, ಅಂದರೆ ಶಬ್ದದ ಅಲೆಗಳಿಂದ ಹೃದಯದ ಚಿತ್ರ ತೋರಿಸುವ ಯಂತ್ರವನ್ನು, ವಾರ್ಡಿನೊಳಗೇ ಇಟ್ಟುಕೊಂಡೆ. ಬೋರಲು ಮಲಗಿದವರಲ್ಲಿ ಹೃದಯ ನೋಡುವುದು ಸುಲಭವಲ್ಲ. ಎಡಗೈಯನ್ನು ತಲೆಯ ಪಕ್ಕಕ್ಕೆ ಎತ್ತಿಸಿ, ಎಡ ಎದೆಯ ಕೆಳಗೆ ಮಡಚಿದ ಹೊದಿಕೆ ಕೊಟ್ಟರೆ ಎದೆಗೆ ಒತ್ತಿ ಹಿಡಿಯುವ ಅದರ ಪ್ರೋಬ್ ತೂರುವಷ್ಟು ಸಂದು ಸಿಗುತ್ತದೆ. ಪಿಪಿಇ ತೊಟ್ಟು ನೆಲಕ್ಕೆ ಮಂಡಿಯೂರಿ, ಕೆಳಗಿನಿಂದ ಒತ್ತಿ ಹಿಡಿದರೆ ನಾಲ್ಕೂ ಕೋಣೆಗಳು ಒಂದೇ ನೋಟದಲ್ಲಿ ಬರುತ್ತವೆ. ಉಳಿದ ನೋಟಗಳ ಆಸೆ ಬಿಟ್ಟೆ.

ನಾನು ಹುಡುಕುತ್ತಿದ್ದುದು ಬಲ ಹೃತ್ಕುಕ್ಷಿಯನ್ನು, ಅಂದರೆ ಶ್ವಾಸಕೋಶಕ್ಕೆ ರಕ್ತ ತಳ್ಳುವ ಬಲಗಡೆಯ ಕೆಳಗಿನ ಕೋಣೆಯನ್ನು. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ. ಆ ಬಿಗಿತಕ್ಕೆ ಎದುರಾಗಿ ರಕ್ತ ತಳ್ಳಬೇಕಾದುದು ಅದೇ. ಒಬ್ಬ ಮಹಿಳೆಯಲ್ಲಿ ಅಂಗಾತ ಮಲಗಿದ್ದಾಗ ಅದು ಹಿಗ್ಗಿ ಎಡದಷ್ಟೇ ಅಗಲವಾಗಿತ್ತು, ನಡುವಿನ ಗೋಡೆ ಎಡಕ್ಕೆ ವಾಲಿತ್ತು. ಬೋರಲಾಗಿ ಒಂದೂವರೆ ಗಂಟೆ ಕಳೆದ ಮೇಲೆ ಗೋಡೆ ನೆಟ್ಟಗಾಗಿತ್ತು; ಬಲಗಡೆಯ ಕವಾಟದ ಉಂಗುರದ ಚಲನೆ, ಕನಿಷ್ಠ 17 ಮಿಲಿಮೀಟರ್ ಇರಬೇಕಾದದ್ದು, 14ರಿಂದ 18ಕ್ಕೆ ಬಂದಿತ್ತು. ಮಾನಿಟರ್ ಅನ್ನು ಆಕೆಯ ಕಡೆಗೆ ತಿರುಗಿಸಿ ತೋರಿಸಿದೆ. ಎಲ್ಲರಲ್ಲೂ ಹೀಗಾಗಲಿಲ್ಲ. ಕೆಲವರಲ್ಲಿ ಏನೂ ಬದಲಾಗಲಿಲ್ಲ. ಒಬ್ಬರಲ್ಲಿ ಆಮ್ಲಜನಕ ಏರಿದರೂ ಬಲಭಾಗ ಹಿಗ್ಗಿಯೇ ಉಳಿಯಿತು. ಸಿಟಿ ಸ್ಕ್ಯಾನ್ ಮಾಡಿಸಿದಾಗ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಕಂಡಿತು. ಎಕೋ ನೋಡದಿದ್ದರೆ ಅದು ತಪ್ಪಿಹೋಗುತ್ತಿತ್ತು.

ಬೋರಲು ಮಲಗಿಸಿದರೆ ಸಾವು ಅರ್ಧಕ್ಕೆ ಇಳಿಯುತ್ತದೆ ಎಂದು ಕಿರಿಯರು 2013ರ ಫ್ರಾನ್ಸಿನ ಪ್ರೊಸೆವಾ ಅಧ್ಯಯನವನ್ನು ಉದ್ಧರಿಸುತ್ತಾರೆ. ಆ ರೋಗಿಗಳೆಲ್ಲ ವೆಂಟಿಲೇಟರಿನಲ್ಲಿದ್ದವರು. ಎಚ್ಚರವಿದ್ದು ತಾವೇ ಉಸಿರಾಡುವವರ ಹೃದಯದ ಮೇಲೆ ಯಂತ್ರದ ಒತ್ತಡವಿರುವುದಿಲ್ಲ, ಹಾಗಾಗಿ ಆ ಲೆಕ್ಕವನ್ನು ಇಲ್ಲಿಗೆ ತರಬಾರದು ಎಂದು ಪ್ರತಿ ಸಲವೂ ತಿದ್ದುತ್ತೇನೆ.

ಆ ಯಜಮಾನರನ್ನು ಮರುದಿನ ಮತ್ತೆ ಬೋರಲು ಮಲಗಿಸಿದೆವು. ಈ ಸಲ ಎದೆಗೊಂದು, ಸೊಂಟಕ್ಕೊಂದು ದಿಂಬು. ಹೊಟ್ಟೆ ನಡುವೆ ತೂಗುವಂತೆ. ಅಂಗೈ ತೂರಿಸಿ ನೋಡಿದೆ, ಸಲೀಸಾಗಿ ಒಳಗೆ ಹೋಯಿತು. ಹದಿನೈದು ನಿಮಿಷಕ್ಕೆ ಬಿಪಿ 112. ಅರ್ಧ ಗಂಟೆಗೆ ಅವರಿಗೆ ನಿದ್ದೆ ಹತ್ತಿತ್ತು.