ಬೀಸುವ ಪದ, ಬಾದಾಮಿ ಬಂಡೆ: ಎರಡನ್ನೂ ಕೂಡಿಸಿ ಕೇಳಿಸುವ ನನ್ನ ರೀತಿ

ಬಾದಾಮಿ ಸುತ್ತಲಿನ ಹಳ್ಳಿಗಳಲ್ಲಿ ಹಿರಿಯ ಹೆಣ್ಣುಮಕ್ಕಳು ಬೀಸುಕಲ್ಲು ತಿರುಗಿಸುತ್ತಾ ಹಾಡುವ ಬೀಸುವ ಪದಗಳ ಕಟ್ಟು ತ್ರಿಪದಿ, ಅಂದರೆ ಮೂರು ಸಾಲಿನ ಪದ್ಯ. ಅದೇ ಕಟ್ಟು ಬಾದಾಮಿಯ ಬಂಡೆಯ ಮೇಲೆ ಕೆತ್ತಿದ ಕಪ್ಪೆ ಅರಭಟ್ಟನ ಶಾಸನದಲ್ಲಿ ಸುಮಾರು ಕ್ರಿ.ಶ. 700ರ ಹೊತ್ತಿಗೇ ಇದೆ. ಪದ ಸಂಗ್ರಹಿಸಿ, ಶಾಸನದ ಜೋಡಿ ಇಟ್ಟು ಹುಡುಗರಿಗೆ ಕೇಳಿಸುತ್ತೇನೆ.

"ಒಂದು ಪದಾ ಹಾಡ್ರಿ ಅವ್ವಾರ" ಎಂದು ಕೇಳಿದರೆ "ಎಲ್ಲಾ ಮರತೈತ್ರೀ" ಎಂಬ ಉತ್ತರವೇ ಬರುತ್ತದೆ. ಅವರು ಮರೆತಿರುವುದಿಲ್ಲ. ಈ ಪದಗಳಿಗೆ ದನಿ ಎತ್ತುವುದು ಕೈ, ಬಾಯಿ ಅದರ ಹಿಂದೆ ಬರುತ್ತದೆ. ಹಾಗಾಗಿ ನಾನು ಒಂದು ಸೇರು ಜೋಳ ಒಯ್ಯುತ್ತೇನೆ. ಬೀಸುಕಲ್ಲಿನ ಗೂಟಕ್ಕೆ ಇಬ್ಬರು ಎದುರುಬದುರು ಕೂತು, ಕಲ್ಲು ನಾಲ್ಕು ಸುತ್ತು ತಿರುಗಿದರೆ ಒಬ್ಬರು ಪದ ಎತ್ತುತ್ತಾರೆ, ಇನ್ನೊಬ್ಬರು ಹಿಡಿಯುತ್ತಾರೆ. ಸುಗ್ಗಿಯ ದಿನಗಳಲ್ಲಿ ಹೋಗಬಾರದು, ಯಾರಿಗೂ ಪುರುಸೊತ್ತು ಇರುವುದಿಲ್ಲ.

ಧ್ವನಿಮುದ್ರಣಕ್ಕೆ ಫೋನೇ ಸಾಕು, ಆದರೆ ಏರೋಪ್ಲೇನ್ ಮೋಡ್‌ನಲ್ಲಿರಬೇಕು. ವೇವ್ ಫೈಲ್, 44.1 ಕಿಲೋಹರ್ಟ್ಸ್, 16 ಬಿಟ್, ಮೋನೋ: ನಿಮಿಷಕ್ಕೆ ಸುಮಾರು 5 ಎಂಬಿ. ಫೋನನ್ನು ನೆಲದ ಮೇಲೆ ಇಟ್ಟರೆ ಕೆಲಸ ಕೆಟ್ಟಂತೆ. ಕಲ್ಲಿನ ಗುಡುಗು ನೆಲದ ಮೂಲಕವೇ ಮೈಕಿಗೆ ಏರಿ ಮಾತು ಮುಳುಗುತ್ತದೆ. ಕೌದಿಯನ್ನು ನಾಲ್ಕು ಪದರ ಮಡಚಿ, ಅದರ ಮೇಲೆ ಒಂದು ಡಬ್ಬಿ ಇಟ್ಟು, ಫೋನು ಬಾಯಿಗೆ ಒಂದು ಗೇಣು ದೂರ, ತುಸು ಪಕ್ಕಕ್ಕೆ ಬರುವಂತೆ ಇಡುತ್ತೇನೆ. ನೇರ ಎದುರಿಗಿದ್ದರೆ ಉಸಿರು ಬಡಿಯುತ್ತದೆ. ಪ್ರತಿ ಪದವನ್ನೂ ಎರಡು ಸಲ ಹಿಡಿಯಬೇಕು: ಒಮ್ಮೆ ಬೀಸುತ್ತಾ, ಒಮ್ಮೆ ಕಲ್ಲು ನಿಲ್ಲಿಸಿ. ಮೊದಲನೆಯದರಲ್ಲಿ ಲಯ ಸಿಗುತ್ತದೆ, ಎರಡನೆಯದರಲ್ಲಿ ಅಕ್ಷರ.

ಹೆಚ್ಚು ತಪ್ಪಾಗುವುದು ಬರೆದುಕೊಳ್ಳುವಾಗ. ಹಾಡುವಾಗ ಎರಡನೆಯ ಸಾಲಿನ ಒಂದು ಭಾಗವನ್ನು ಮರಳಿ ಹೇಳುತ್ತಾರೆ. ಅದನ್ನು ಬೇರೆ ಸಾಲೆಂದು ಬರೆದರೆ ತ್ರಿಪದಿ ಚೌಪದಿಯಂತೆ ಕಾಣುತ್ತದೆ. ಪೂರ್ತಿ ಬಿಟ್ಟರೆ ಹಾಡಿಕೆ ತಿಳಿಯುವುದಿಲ್ಲ. ನಾನು ಕಂಸದಲ್ಲಿ ಬರೆಯುತ್ತೇನೆ. "ತವರೀಗೆ" ಎಂದು ಎಳೆದದ್ದನ್ನು "ತವರಿಗೆ" ಎಂದು ತಿದ್ದುವುದು ಇನ್ನೊಂದು ದೊಡ್ಡ ತಪ್ಪು, ಆ ದೀರ್ಘ ಹೋದರೆ ಗಣವೇ (ಸಾಲನ್ನು ಲಯಕ್ಕೆ ತುಂಡರಿಸುವ ಅಕ್ಷರಗಳ ಗುಂಪು) ಕುಂಟುತ್ತದೆ. ತಾಳೆ ನೋಡಲು ಪ್ರಾಸವಿದೆ: ಬಹಳಷ್ಟು ಪದಗಳಲ್ಲಿ ಮೂರೂ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ. ಅದು ಕೂಡದಿದ್ದರೆ ಮೊದಲು ನನ್ನ ಕಿವಿಯನ್ನೇ ಅನುಮಾನಿಸಿ ಮತ್ತೆ ಕೇಳುತ್ತೇನೆ.

ಈಗ ಬಂಡೆ. ಶಾಸನದ ಈ ಸಾಲುಗಳನ್ನು ಹಾಳೆಯಲ್ಲಿ ದೊಡ್ಡದಾಗಿ ಬರೆದು ಕೊಡುತ್ತೇನೆ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗವಿಪರೀತನ್
ಮಾಧವನೀತನ್ ಪೆರನಲ್ಲ

ಸಾಧು, ಬಾಧಿ, ಮಾಧ: 'ಧ'ಕಾರಕ್ಕೆ ಕೆಂಪು ಗೆರೆ ಹಾಕಿಸುತ್ತೇನೆ. ಆಮೇಲೆ ಚಪ್ಪಾಳೆ, ಗಣಕ್ಕೊಂದರಂತೆ: ನಾಲ್ಕು, ನಾಲ್ಕು, ಮೂರು, ಒಟ್ಟು 11. ಆರನೆಯದು "ಕಲಿಗೆ", ಹತ್ತನೆಯದು "ನೀತನ್". ಇವೆರಡು ಬ್ರಹ್ಮಗಣ (ಚಿಕ್ಕ ಗಣ), ಉಳಿದವು ವಿಷ್ಣುಗಣ (ಅದಕ್ಕಿಂತ ದೊಡ್ಡದು). ಗಣದ ಹೆಸರು ಹುಡುಗರು ಮರೆತರೂ ಪರವಾಗಿಲ್ಲ, ಚಪ್ಪಾಳೆ ಮರೆಯಬಾರದು. ಅದೇ ಎಣಿಕೆಯನ್ನು ಕೈಯಲ್ಲಿ ಇಟ್ಟುಕೊಂಡೇ ಬೀಸುವ ಪದ ಕೇಳಿಸಬೇಕು. ಓದದ ಅವ್ವನ ಬಾಯಲ್ಲಿರುವುದು ಬಂಡೆಯ ಮೇಲಿನ ಛಂದಸ್ಸೇ ಎಂಬುದು ಆಗ ವಿವರಣೆಯಿಲ್ಲದೆ ತಿಳಿಯುತ್ತದೆ. ಈ ಭಾಗಕ್ಕೆ ನಾನು ಅವಸರ ಮಾಡುವುದೇ ಇಲ್ಲ.

ಶಾಸನದ ಅಕ್ಷರ ಕಾಣಲಿ ಎಂದು ಸುಣ್ಣ ಬಳಿಯುವುದು, ನೀರು ಸುರಿಯುವುದು ಬೇಡವೇ ಬೇಡ. ಓರೆ ಬಿಸಿಲಿನಲ್ಲಿ ನೋಡಿದರೆ ಕೆತ್ತನೆಯ ತಗ್ಗಿಗೆ ನೆರಳು ಬಿದ್ದು ಅಕ್ಷರ ತಾನೇ ಎದ್ದು ಕಾಣುತ್ತದೆ.

ಹಂಚುವಾಗ ಎರಡು ನಿಮಿಷಕ್ಕಿಂತ ಉದ್ದದ ತುಣುಕು ಕಳಿಸುವುದಿಲ್ಲ. ಜೊತೆಗೆ ಊರು, ಹಾಡುವ ಸಂದರ್ಭ, ಮೂರು ಕಠಿಣ ಶಬ್ದಗಳ ಅರ್ಥ. 1931ರಲ್ಲಿ 'ಗರತಿಯ ಹಾಡು' ಎಂಬ ಜನಪದ ಹಾಡುಗಳ ಸಂಗ್ರಹ ಹೊರತಂದ ಹಲಸಂಗಿ ಗೆಳೆಯರ (ಹಲಸಂಗಿ ಊರಿನ ಬರಹಗಾರರ ಬಳಗ) ಕೈಯಲ್ಲಿ ಇದ್ದದ್ದು ಬರಹ. ನಮ್ಮ ಕೈಯಲ್ಲಿ ದನಿಯೂ ಇದೆ, ಅದನ್ನು ಕೆಡಿಸದೆ ಮುಟ್ಟಿಸಬೇಕು. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲೇ ಹೋಗುತ್ತದೆ. ಮೊದಲ ಪ್ರತಿ ಹಾಡಿದವರಿಗೆ. ಅವರ ಮುಂದೆಯೇ ಕೇಳಿಸಿ, "ನಿಮ್ಮ ಹೆಸರ ಹಾಕ್ಲೇನ್ರಿ?" ಎಂದು ಕೇಳಿ, ಅವರ ಉತ್ತರವನ್ನೂ ಮುದ್ರಿಸಿಕೊಳ್ಳುತ್ತೇನೆ. ಬೇಡ ಎಂದರೆ ಊರಿನ ಹೆಸರಷ್ಟೇ. ಪದವನ್ನೂ ಬೇಡ ಎಂದರೆ ಅಲ್ಲೇ ಅಳಿಸಿ ತೋರಿಸುತ್ತೇನೆ.