ಪಿಸಿ-3 ಮಿಡಿತಗಳ ಬೆನ್ನುಹತ್ತಿ: ನನ್ನ ಅನುಭವ

ಭೂಮಿಯ ಕಾಂತಕ್ಷೇತ್ರದ ಮಿಡಿತಗಳಿಗೂ ಸೌರಮಾರುತಕ್ಕೂ (ಸೂರ್ಯನಿಂದ ಹರಿದು ಬರುವ ವಿದ್ಯುದಾವೇಶದ ಕಣಗಳ ಪ್ರವಾಹಕ್ಕೂ) ಇರುವ ನಂಟನ್ನು ನಾನೇ ಲೆಕ್ಕ ಹಾಕಿ ನೋಡಲು ಹೊರಟಾಗ ನನ್ನ ಬಳಿ ಇದ್ದದ್ದು ಎರಡೇ: ಸೆಕೆಂಡಿಗೊಮ್ಮೆ ಅಳೆಯುವ ನೆಲದ ಕಾಂತಮಾಪಕವೊಂದರ ದತ್ತಾಂಶ, ಮತ್ತು ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿದ್ದು ಸೌರಮಾರುತವನ್ನು ಅಳೆಯುವ ಏಸ್ ನೌಕೆಯ ದಾಖಲೆ. ನಾನು ಆರಿಸಿಕೊಂಡದ್ದು ಪಿಸಿ-3 ವರ್ಗವನ್ನು, ಅಂದರೆ 10ರಿಂದ 45 ಸೆಕೆಂಡುಗಳ ಅವಧಿಯ ಮಿಡಿತಗಳನ್ನು. ಹತ್ತಾರು ಸಾವಿರ ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಬಲದ ಮಾನ) ಕ್ಷೇತ್ರದ ಮೇಲೆ ಒಂದು ನ್ಯಾನೋಟೆಸ್ಲಾದಷ್ಟೂ ಇಲ್ಲದ ಈ ಏರಿಳಿತವು ಕಚ್ಚಾ ರೇಖೆಯಲ್ಲಿ ಕಣ್ಣಿಗೇ ಬೀಳುವುದಿಲ್ಲ. ಫಿಲ್ಟರ್ ಹಾಕಿದ ಮೇಲಷ್ಟೇ ಎದ್ದು ಬರುತ್ತದೆ.

ಮೊದಲು ಮಿಡಿತದ ಬಲವನ್ನು ಮಾರುತದ ವೇಗದೊಂದಿಗೆ ಹೋಲಿಸಿದೆ. ವೇಗ ಹೆಚ್ಚಿದ ದಿನಗಳಲ್ಲಿ ಬಲವೂ ಹೆಚ್ಚಿದ್ದುದು ನಿಜ, ಆದರೆ ಒಂದೇ ವೇಗದ ಎರಡು ದಿನಗಳಲ್ಲಿ ಒಂದು ಮಿಡಿಯುತ್ತಿತ್ತು, ಇನ್ನೊಂದು ತೆಪ್ಪಗಿರುತ್ತಿತ್ತು. ಮಾರುತದೊಡನೆ ಬರುವ ಕಾಂತಕ್ಷೇತ್ರದ ದಿಕ್ಕನ್ನು ನಾನು ಗಮನಿಸಿರಲೇ ಇಲ್ಲ. ಆ ಕ್ಷೇತ್ರವು ಸೂರ್ಯ-ಭೂಮಿ ರೇಖೆಯ ಉದ್ದಕ್ಕೆ ಹತ್ತಿರವಾಗಿದ್ದಾಗ, ಭೂಮಿಯ ಮುಂದೆ ಮಾರುತವು ಥಟ್ಟನೆ ನಿಧಾನಗೊಳ್ಳುವ ಆಘಾತ ತರಂಗದಿಂದ ಹಿಂದಿರುಗುವ ಅಯಾನುಗಳು (ವಿದ್ಯುದಾವೇಶದ ಕಣಗಳು) ಮಾರುತಕ್ಕೆ ಎದುರಾಗಿ ಸಾಗಿ ಅಲೆಗಳನ್ನು ಎಬ್ಬಿಸುತ್ತವೆ. ಮಾರುತವು ಆ ಅಲೆಗಳನ್ನು ಮತ್ತೆ ಭೂಮಿಯತ್ತಲೇ ಕೊಚ್ಚಿಕೊಂಡು ಬರುತ್ತದೆ; ನೆಲದಲ್ಲಿ ಅವೇ ಪಿಸಿ-3 ಮಿಡಿತಗಳಾಗಿ ಕಾಣುತ್ತವೆ. ಅವುಗಳ ಆವರ್ತನವನ್ನು ಅಂದಾಜು ಮಾಡಲು ಸುಲಭದ ಸೂತ್ರವೊಂದಿದೆ: ಆ ಕ್ಷೇತ್ರದ ನ್ಯಾನೋಟೆಸ್ಲಾ ಬೆಲೆಯನ್ನು ಸುಮಾರು 6ರಿಂದ ಗುಣಿಸಿದರೆ ಆವರ್ತನವು ಮಿಲಿಹರ್ಟ್ಸ್‌ನಲ್ಲಿ (ಸಾವಿರ ಸೆಕೆಂಡಿಗೆ ಎಷ್ಟು ಮಿಡಿತ ಎಂದು) ಸಿಗುತ್ತದೆ.

ದಿಕ್ಕನ್ನು ಸೇರಿಸಿದರೂ ಹೊಂದಾಣಿಕೆ ಅರೆಬರೆಯಾಗಿತ್ತು. ತಪ್ಪು ನನ್ನದೇ. ಮಾರುತ ನೌಕೆಯಿಂದ ಭೂಮಿಗೆ ಬರಲು ಎಲ್ಲ ದಿನಕ್ಕೂ ಒಂದು ಗಂಟೆ ಹಿಡಿದಿದ್ದೆ; ಸೆಕೆಂಡಿಗೆ 400 ಕಿ.ಮೀ. ವೇಗಕ್ಕೆ ಅದು ಸರಿ, 700 ಕಿ.ಮೀ. ಇದ್ದರೆ ಸುಮಾರು 36 ನಿಮಿಷ ಸಾಕು. (ಅಳತೆ ಇಲ್ಲದ ಕಡೆ ತುಂಬಿಟ್ಟಿದ್ದ ಹುಸಿ ಸಂಖ್ಯೆಗಳನ್ನು ನಿಜವೆಂದು ನಂಬಿ ಎರಡು ಸಂಜೆ ಕಳೆದದ್ದು ಬೇರೆ.)

ವಿಳಂಬವನ್ನು ಆಯಾ ವೇಗದಿಂದಲೇ ಲೆಕ್ಕ ಹಾಕಿದ ಮೇಲೆ ಒಂದು ಬೆಳಗಿನ ದಾಖಲೆ ಸ್ಪಷ್ಟವಾಗಿ ಬಿಡಿಸಿಕೊಂಡಿತು. ಮಾರುತದ ಕ್ಷೇತ್ರ 5 ನ್ಯಾನೋಟೆಸ್ಲಾ, ಸೂರ್ಯ-ಭೂಮಿ ರೇಖೆಗೆ ಅದರ ಓರೆ ಸುಮಾರು 20 ಡಿಗ್ರಿ. ನೆಲದ ದತ್ತಾಂಶದ ರೋಹಿತದಲ್ಲಿ (ಯಾವ ಆವರ್ತನಕ್ಕೆ ಎಷ್ಟು ಬಲ ಎಂದು ತೋರಿಸುವ ನಕ್ಷೆಯಲ್ಲಿ) 30 ಮಿಲಿಹರ್ಟ್ಸ್ ಹತ್ತಿರ, ಅಂದರೆ 33 ಸೆಕೆಂಡುಗಳ ಅವಧಿಯಲ್ಲಿ, ಒಂದು ಶಿಖರ. ಬಳಿಕ ಕ್ಷೇತ್ರವು ಅಡ್ಡಕ್ಕೆ ತಿರುಗಿತು, ವೇಗ ಹಾಗೆಯೇ ಇತ್ತು, ಕೆಲವೇ ನಿಮಿಷಗಳಲ್ಲಿ ಶಿಖರ ಕರಗಿತು. ಆದರೂ ನೌಕೆಗೆ ತಾಗಿದ ಕ್ಷೇತ್ರವೇ ಭೂಮಿಗೂ ತಾಗುತ್ತದೆಂದು ಖಚಿತವಾಗಿ ಹೇಳಲಾಗದು. ಆದ್ದರಿಂದ ದಿಕ್ಕು ಪದೇ ಪದೇ ಹೊರಳುವ ಅವಧಿಗಳನ್ನು ನಾನು ಈಗ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.