77ನೇ ನಿಮಿಷಕ್ಕೆ ಸ್ಟ್ಯಾಂಡ್ ಖಾಲಿ ಮಾಡುವುದು ಹೇಗೆ?

ಫುಟ್‌ಬಾಲ್ ಪಂದ್ಯದ ಟಿಕೆಟ್ ದರದ ವಿರುದ್ಧ ಹೋರಾಡುವಾಗ ಬೇಡಿಕೆ ಒಂದೇ ಇರಲಿ, ಅದೂ ಅಂಕಿಯಲ್ಲಿರಲಿ. 2016ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ 77 ಪೌಂಡ್‌ನ ಟಿಕೆಟ್ ಘೋಷಿಸಿತು. ಫೆಬ್ರವರಿ 6ರಂದು ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಕ್ಲಬ್‌ನ ತವರು ಮೈದಾನ ಆನ್‌ಫೀಲ್ಡ್‌ನಲ್ಲಿ ಸಾವಿರಾರು ಅಭಿಮಾನಿಗಳು ಎದ್ದು ಹೊರನಡೆದರು. ದರವೇ ಗಡಿಯಾರವಾಯಿತು, ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಕರಪತ್ರವನ್ನು ಗೇಟಿನ ಹೊರಗೇ ಹಂಚಿ, ನಿಮಿಷವನ್ನು ದಪ್ಪಕ್ಷರದಲ್ಲಿ ಬರೆಯಿರಿ. ಬಾಗಿಲ ಹತ್ತಿರದ ಸಾಲು ಮೊದಲು ಏಳಲಿ, ಇಲ್ಲವಾದರೆ ಮೆಟ್ಟಿಲಲ್ಲೇ ನೂಕುನುಗ್ಗಲು. ಕಷ್ಟದ್ದು ಇನ್ನೊಂದಿದೆ: ತಂಡ ಗೆಲ್ಲುತ್ತಿರುವಾಗ ಏಳಲು ಮನಸ್ಸೇ ಬರುವುದಿಲ್ಲ. ಅಂದು ಲಿವರ್‌ಪೂಲ್‌ಗೆ 2-0 ಮುನ್ನಡೆಯಿತ್ತು, ಪಂದ್ಯ 2-2ರಲ್ಲಿ ಮುಗಿಯಿತು. ಆ ನೋವಿಗೆ ಮೊದಲೇ ಸಿದ್ಧರಾಗಿ. ನಾಲ್ಕೇ ದಿನಕ್ಕೆ ಅಮೆರಿಕದ ಮಾಲೀಕರು ಕ್ಷಮೆ ಕೇಳಿ 77 ಪೌಂಡ್‌ನ ದರ ಕೈಬಿಟ್ಟರು.

ಮೈದಾನಕ್ಕೆ ಏನನ್ನೂ ಎಸೆಯಬೇಡಿ. ಇಂಗ್ಲೆಂಡಿನಲ್ಲಿ ಅದು ಅಪರಾಧ.